ಗಡಿಯಾರದ ಹೊತ್ತು, ಮನಸ್ಸಿನ ಹೊತ್ತು: ವಾರ್ಡಿನಲ್ಲಿ ಕಲಿತ ಉಪಾಯಗಳು

ಫಿಟ್ಸ್ ಬಂದ ಮಗುವನ್ನು ಎತ್ತಿಕೊಂಡು ಓಡಿ ಬರುವವರಿಗೆ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಹೊತ್ತು ಇತ್ತು?’ ‘ಅರ್ಧ ಗಂಟೆ ಸಿಸ್ಟರ್’ ಎನ್ನುತ್ತಾಳೆ ಅಮ್ಮ. ಜೊತೆಗೆ ಬಂದ ಪಕ್ಕದ ಮನೆಯವರು ‘ಎರಡು ಮೂರು ನಿಮಿಷ ಇರಬಹುದು’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಆ ಉತ್ತರದ ಮೇಲೆ ಮುಂದಿನ ಚಿಕಿತ್ಸೆ ನಿಂತಿರುತ್ತದೆ.

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ನರ್ಸ್. ಮಕ್ಕಳ ವಾರ್ಡ್, ಹೆರಿಗೆ ವಾರ್ಡ್, ಐಸಿಯು ಎಲ್ಲ ಕಡೆ ಕೆಲಸ ಮಾಡಿದ್ದೇನೆ. ಹೊತ್ತು ಹೋಗದೆ ಒದ್ದಾಡುವವರನ್ನು, ಹೊತ್ತು ಎಲ್ಲಿ ಹೋಯಿತೆಂದೇ ತಿಳಿಯದವರನ್ನು ದಿನವೂ ನೋಡುತ್ತೇನೆ. ಎಲ್ಲಿ ಮನಸ್ಸಿನ ಲೆಕ್ಕ ಬಿಟ್ಟು ಗಡಿಯಾರ ನೋಡಬೇಕು, ಎಲ್ಲಿ ಗಡಿಯಾರ ಬಿಟ್ಟು ಮನಸ್ಸನ್ನು ಬೇರೆ ಕಡೆ ತಿರುಗಿಸಬೇಕು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು ಅಂತ ನನ್ನ ಆಸೆ.

ಹೆದರಿಕೆ ಆದಾಗ ಮೊದಲು ಗಡಿಯಾರ

ಫಿಟ್ಸ್ ಶುರುವಾದ ಕೂಡಲೇ ಯಾರಾದರೂ ಒಬ್ಬರು ಟೈಮ್ ನೋಡಿ ಜೋರಾಗಿ ಹೇಳಿ. ‘ಎಂಟು ಹತ್ತು’ ಅಂದರೆ ಸಾಕು, ಹತ್ತಿರ ಇದ್ದವರಿಗೆ ನೆನಪಿರುತ್ತದೆ. ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಿದರೆ ಇನ್ನೂ ಒಳ್ಳೆಯದು. ವೈದ್ಯರಿಗೆ ಹೊತ್ತೂ ಗೊತ್ತಾಗುತ್ತದೆ, ಯಾವ ಕೈಕಾಲು ಹೇಗೆ ಅದುರಿತು ಅನ್ನುವುದೂ ಕಾಣುತ್ತದೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ ಏನೂ ಪ್ರಯೋಜನವಿಲ್ಲ, ಆ ಹೊತ್ತಿನಲ್ಲಿ ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅದು ತುರ್ತು, 108ಕ್ಕೆ ಫೋನ್ ಮಾಡಿ.

ಆಮೇಲೆ ನೆನಪು ಮಾಡಿಕೊಂಡು ಹೇಳಿದರಾಯಿತು ಅಂದುಕೊಂಡರೆ ಆಗುವುದಿಲ್ಲ. 2007ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟೆಟ್ಸನ್, ಈಗಲ್‌ಮನ್ ಮತ್ತು ಜೊತೆಗಾರರು ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿ ಪರೀಕ್ಷೆ ಮಾಡಿದರು. ಬಿದ್ದವರಿಗೆ ಬೇರೆಯವರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು ಮೂರನೇ ಒಂದು ಭಾಗಕ್ಕೂ ಜಾಸ್ತಿ ಹೊತ್ತು ಅನ್ನಿಸಿತು. ಆದರೆ ಅವರ ಮಣಿಕಟ್ಟಿಗೆ ಕಟ್ಟಿದ್ದ ಸಾಧನದಲ್ಲಿ ಬೇಗ ಬೇಗ ಮಿನುಗುವ ಅಂಕಿಗಳನ್ನು ಓದಲು ಬೀಳುವಾಗ ಯಾರಿಗೂ ಆಗಲಿಲ್ಲ. ಕಾಲ ನಿಜವಾಗಿ ನಿಧಾನವಾಗಿದ್ದರೆ ಅವನ್ನು ಓದಲು ಆಗಬೇಕಿತ್ತು. ಅಂದರೆ ಆ ಕ್ಷಣದಲ್ಲಿ ಕಾಲವೇನೂ ನಿಧಾನವಾಗಿರಲಿಲ್ಲ. ಹೆದರಿದಾಗ ನೆನಪು ದಟ್ಟವಾಗಿ ಉಳಿಯುತ್ತದೆ, ಹಿಂತಿರುಗಿ ನೋಡುವಾಗ ಉದ್ದ ಕಾಣುತ್ತದೆ ಅನ್ನುವುದು ಅವರ ವಿವರಣೆ. ಅರ್ಧ ಗಂಟೆ ಅಂದ ಅಮ್ಮನಿಗೂ ಆಗಿದ್ದು ಇದೇ ಅಂತ ನನಗನ್ನಿಸುತ್ತದೆ.

ಇನ್ನೊಂದು ಕೆಲಸ, ಕೆಮ್ಮು ಜ್ವರ ಇರುವ ಮಗುವಿನ ಉಸಿರು ಎಣಿಸುವುದು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ ಎದೆ, ಹೊಟ್ಟೆ ಏಳುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. 2 ತಿಂಗಳು ತುಂಬಿ ಒಂದು ವರ್ಷ ಆಗದ ಮಗುವಿಗೆ ನಿಮಿಷಕ್ಕೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. 2 ತಿಂಗಳು ತುಂಬದ ಕೂಸಿಗೆ ಉಸಿರಾಟದ ತೊಂದರೆ ಕಂಡರೆ ಲೆಕ್ಕ ಹಾಕುತ್ತ ಕೂರಬೇಡಿ, ಕರೆದುಕೊಂಡು ಬನ್ನಿ. ‘ಒಂದು ನಿಮಿಷ ಆಗಿರಬಹುದು’ ಅಂತ ಅಂದಾಜಿನಲ್ಲಿ ಎಣಿಸಬೇಡಿ. ಗಾಬರಿಯಲ್ಲಿರುವವರ ನಿಮಿಷ ಅರ್ಧಕ್ಕೇ ಮುಗಿದುಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಣ್ಣು ಥಟ್ಟನೆ ಗಡಿಯಾರದ ಕಡೆ ಹೊರಳಿದಾಗ ಮೊದಲ ಸೆಕೆಂಡು ಉಳಿದವುಗಳಿಗಿಂತ ಉದ್ದ ಅನ್ನಿಸುತ್ತದೆ. ಮುಳ್ಳು ನಿಂತೇ ಹೋಗಿದೆಯೇನೋ ಅನ್ನಿಸುವುದು ಅದಕ್ಕೇ. 2001ರಲ್ಲಿ ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. ಹೊಸದಾಗಿ ಬರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ನೋಡಿದ ಕೂಡಲೇ ಎಣಿಸಲು ಶುರು ಮಾಡಬೇಡಿ. ಸ್ವಲ್ಪ ಮೊದಲೇ ಮುಳ್ಳಿನ ಮೇಲೆ ಕಣ್ಣಿಡಿ, ಅದು 12ಕ್ಕೋ 3ಕ್ಕೋ ಬಂದಾಗ ಶುರು ಮಾಡಿ. ನಾಡಿಗೂ ಡ್ರಿಪ್ಪಿನ ಹನಿಗೂ ಇದೇ ಕ್ರಮ.

ಕೈ ತೊಳೆಯುವುದನ್ನೂ ಒಮ್ಮೆ ಗಡಿಯಾರ ಇಟ್ಟು ನೋಡಿ. ಸೋಪು ನೀರಿನಲ್ಲಿ ಪೂರ್ತಿ ತೊಳೆಯಲು 40ರಿಂದ 60 ಸೆಕೆಂಡು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೇಜಾರಿನ ಕೆಲಸದಲ್ಲಿ 15 ಸೆಕೆಂಡಿಗೇ ಒಂದು ನಿಮಿಷ ಆಯಿತು ಅನ್ನಿಸುತ್ತದೆ.

ಆಪರೇಷನ್ ಥಿಯೇಟರಿನ ಹೊರಗೆ ಕೂರುವವರಿಗೆ

ಕಾಯುವಾಗ ಇದರ ಉಲ್ಟಾ ಮಾಡಬೇಕು. ಹೊತ್ತಿನ ಮೇಲೇ ಗಮನ ಇಟ್ಟಷ್ಟೂ ಹೊತ್ತು ಉದ್ದವಾಗುತ್ತದೆ. ಕ್ಯೂಗಳ ಬಗ್ಗೆ ಅಧ್ಯಯನ ಮಾಡಿದ ಡೇವಿಡ್ ಮೈಸ್ಟರ್ 1985ರಲ್ಲೇ ಕೆಲವು ಮಾತು ಬರೆದಿದ್ದಾರೆ: ಕೈಗೆ ಕೆಲಸವಿಲ್ಲದ ಕಾಯುವಿಕೆ, ಎಷ್ಟು ಹೊತ್ತೆಂದು ಗೊತ್ತಿಲ್ಲದ ಕಾಯುವಿಕೆ, ಯಾಕೆಂದು ಯಾರೂ ಹೇಳದ ಕಾಯುವಿಕೆ, ಆತಂಕದ ಕಾಯುವಿಕೆ ಜಾಸ್ತಿ ಉದ್ದ ಅನ್ನಿಸುತ್ತವೆ. ಆಪರೇಷನ್ ಥಿಯೇಟರಿನ ಬೆಂಚಿನ ಮೇಲೆ ಈ ನಾಲ್ಕೂ ಒಟ್ಟಿಗೆ ಬಂದು ಕೂರುತ್ತವೆ ಅಲ್ವಾ?

ಅದಕ್ಕೇ ಒಳಗೆ ಕರೆದುಕೊಂಡು ಹೋಗುವ ಮೊದಲೇ ಕೇಳಿ: ‘ಮೊದಲು ಏನು ಮಾಡುತ್ತಾರೆ, ಆಮೇಲೆ ಏನು, ಹೊರಗೆ ಯಾವಾಗ ತರುತ್ತಾರೆ?’ ಕೇಳುವುದು ನಿಮ್ಮ ಹಕ್ಕು. ಸಿಸೇರಿಯನ್ ಉದಾಹರಣೆ ನೋಡಿ. ಕೊಯ್ದ ಮೇಲೆ ಮಗು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದೊಳಗೇ ಹೊರಗೆ ಬರುತ್ತದೆ. ಪದರ ಪದರವಾಗಿ ಹೊಲಿಗೆ ಹಾಕುವುದಕ್ಕೇ ಜಾಸ್ತಿ ಹೊತ್ತು. ಇದು ಗೊತ್ತಿಲ್ಲದವರು ಮಗುವನ್ನು ಕೈಗೆ ಕೊಟ್ಟ ಮೇಲೆ ‘ತಾಯಿಗೆ ಏನೋ ಆಗಿದೆ, ನಮಗೆ ಹೇಳುತ್ತಿಲ್ಲ’ ಅಂತ ಬಾಗಿಲು ಬಡಿಯುತ್ತಾರೆ. ‘ಇನ್ನು ಹೊಲಿಗೆ ಹಾಕುತ್ತಾರೆ, ಮುಕ್ಕಾಲು ಗಂಟೆ ಆಗಬಹುದು’ ಅಂತ ಒಂದು ಮಾತು ಹೇಳಿದರೆ ಅದೇ ಮುಕ್ಕಾಲು ಗಂಟೆಯನ್ನು ಅದೇ ಜನ ಸಮಾಧಾನವಾಗಿ ಕಳೆಯುತ್ತಾರೆ. ನಾವು ಆಸ್ಪತ್ರೆಯವರು ಈ ಒಂದು ಮಾತಿಗೆ ಪುರುಸೊತ್ತು ಮಾಡಿಕೊಳ್ಳಲೇಬೇಕು.

ಕೈಗೆ ಏನಾದರೂ ಕೆಲಸ ಇಟ್ಟುಕೊಳ್ಳಿ. ನಮ್ಮ ಕಡೆಯ ಅಜ್ಜಿಯರು ಚೀಲದಲ್ಲಿ ಹತ್ತಿ ತಂದು ಬತ್ತಿ ಹೊಸೆಯುತ್ತಾ ಕೂರುತ್ತಾರೆ. ಕೆಲವರು ಹೂ ಕಟ್ಟುತ್ತಾರೆ. ಇವರು ಪದೇ ಪದೇ ಬಂದು ‘ಇನ್ನೆಷ್ಟು ಹೊತ್ತು’ ಅಂತ ಕೇಳುವುದು ಕಡಿಮೆ. ಕೈ, ಕಣ್ಣು ಎರಡಕ್ಕೂ ಕೆಲಸ ಕೊಡುವ, ಆದರೆ ತಲೆ ಬಿಸಿ ಮಾಡದ ಕೆಲಸ ಯಾವುದಾದರೂ ಆಗುತ್ತದೆ. ಮೊಬೈಲ್ ಕೂಡ ಹೊತ್ತು ಕಳೆಯುತ್ತದೆ, ಆದರೆ ಪ್ರತಿ ಸಲ ತೆರೆದಾಗ ಮೇಲೆ ಗಡಿಯಾರ ಕಾಣುತ್ತದೆ. ಅದೇ ತೊಂದರೆ.

ಹೆರಿಗೆ ನೋವಿನಲ್ಲಿ ಗಡಿಯಾರ ಜೊತೆಗಿರುವವರ ಕೈಯಲ್ಲಿರಲಿ. ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವ ಹೊತ್ತಿನವರೆಗೆ ಎಷ್ಟು ಅಂತ ಕಾಗದದಲ್ಲಿ ಬರೆದಿಡಿ. ಅವಳಿಗೆ ‘ಸಂಜೆವರೆಗೆ ಆಗಬಹುದು’ ಅಂತ ಹೇಳಬೇಡಿ. ‘ಈ ನೋವು ಈಗ ಇಳಿಯುತ್ತದೆ, ಉಸಿರು ಬಿಡು’ ಅನ್ನಿ. ಒಂದೊಂದು ನೋವು ಸುಮಾರು ಒಂದು ನಿಮಿಷ. ಅಷ್ಟನ್ನು ಮಾತ್ರ ದಾಟಿಸಿ, ಮತ್ತೆ ಮುಂದಿನದು.

ಜ್ವರ ಬಂದವರ ಮಾತು ಬೇರೆ. 1930ರ ದಶಕದಲ್ಲಿ ಹಡ್ಸನ್ ಹೋಗ್‌ಲಂಡ್ ಎಂಬ ವಿಜ್ಞಾನಿಯ ಹೆಂಡತಿಗೆ ಜೋರು ಜ್ವರ. ಅವರು ಸ್ವಲ್ಪ ಹೊತ್ತು ಔಷಧದ ಅಂಗಡಿಗೆ ಹೋಗಿ ಬಂದರೆ, ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಅಂತ ಆಕೆ ಸಿಟ್ಟಾದರು. ಅವರು ಆಕೆಯಿಂದ ಸೆಕೆಂಡಿಗೆ ಒಂದರಂತೆ 60ರವರೆಗೆ ಎಣಿಸಿಸಿದರು. ಜ್ವರ ಏರಿದಷ್ಟೂ ಎಣಿಕೆ ಬೇಗ ಮುಗಿಯಿತು. ಹಾಗಾಗಿ ಜ್ವರದಲ್ಲಿ ಮಲಗಿದವರು ‘ಒಂದು ಗಂಟೆಯಿಂದ ಕೂಗುತ್ತಿದ್ದೇನೆ’ ಅಂದರೆ ವಾದಕ್ಕೆ ಇಳಿಯಬೇಡಿ. ಹೊರಗೆ ಹೋಗುವಾಗ ಎದ್ದು ಕಾಣುವ ಒಂದು ಗುರುತು ಹೇಳಿ ಹೋಗಿ: ‘ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಬರುತ್ತೇನೆ.’

ಬಸ್ಸಿನ ದಾರಿ

ಸಾಗರದಿಂದ ಶಿವಮೊಗ್ಗಕ್ಕೆ ಮೊದಲ ಸಲ ಹೋಗುವವರಿಗೆ ಆನಂದಪುರ ದಾಟಿದ ಮೇಲೆ ದಾರಿ ಮುಗಿಯುವುದೇ ಇಲ್ಲ. ಕುಂಸಿ, ಆಯನೂರು, ಇನ್ನೂ ಇದೆಯಾ ಅನ್ನಿಸುತ್ತದೆ. ವಾಪಸ್ ಬರುವಾಗ ಅದೇ ಊರುಗಳು ಬೇಗ ಬೇಗ ಬರುತ್ತವೆ. 2011ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಪ್ರಕಟಿಸಿದ ಲೆಕ್ಕದಲ್ಲಿ ವಾಪಸ್ ಪ್ರಯಾಣ ಶೇ. 17ರಿಂದ 22ರಷ್ಟು ಕಡಿಮೆ ಅನ್ನಿಸಿತ್ತು. ಹೋಗುವಾಗ ಬೇಗ ತಲುಪುತ್ತೇವೆ ಅಂದುಕೊಂಡಿರುತ್ತೇವೆ, ಅದು ಸುಳ್ಳಾಗುತ್ತದೆ, ಬರುವಾಗ ಉದ್ದದ ದಾರಿಗೆ ಮೊದಲೇ ತಯಾರಾಗಿರುತ್ತೇವೆ. ವಯಸ್ಸಾದವರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವಾಗ ‘ಇಲ್ಲೇ, ಈಗ ಬಂದುಬಿಡುತ್ತದೆ’ ಅನ್ನದೆ, ಸ್ವಲ್ಪ ಜಾಸ್ತಿಯೇ ಹೇಳಿಡಿ.

ವರ್ಷ ಓಡುತ್ತಿದೆ ಅನ್ನುವವರಿಗೆ

ವರ್ಷ ಓಡಿದಂತೆ ಅನ್ನಿಸುವುದರ ಗುಟ್ಟನ್ನು ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಹೇಳಿದ್ದಾರೆ. ಹೊಸ ಅನುಭವ ತುಂಬಿದ ಹೊತ್ತು ಆಗ ಬೇಗ ಹೋಗುತ್ತದೆ, ನೆನಪಿನಲ್ಲಿ ಉದ್ದವಾಗಿ ಉಳಿಯುತ್ತದೆ. ಖಾಲಿ ಹೊತ್ತು ಆಗ ತೆವಳುತ್ತದೆ, ನೆನಪಿನಲ್ಲಿ ಏನೂ ಉಳಿಯುವುದಿಲ್ಲ. ಸಾಲಾಗಿ ನೈಟ್ ಡ್ಯೂಟಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಜಾವ ಮೂರು ಗಂಟೆ ಮುಂದೆ ಹೋಗುವುದೇ ಇಲ್ಲ, ತಿಂಗಳು ಮಾತ್ರ ಕಾಣದೆ ಹೋಗಿರುತ್ತದೆ.

ನಾನು ಮಾಡುವುದು ಸಣ್ಣ ಕೆಲಸ. ಡ್ಯೂಟಿ ಮುಗಿಸಿ ಬಟ್ಟೆ ಬದಲಿಸುವ ಮೊದಲು ಆ ದಿನ ಬೇರೆಯಾಗಿ ಕಂಡ ಒಂದು ಸಂಗತಿ ಬರೆಯುತ್ತೇನೆ. ‘ಅಜ್ಜಿಯೊಬ್ಬರು ಕೇಸ್‌ಶೀಟಿನ ಹಿಂದೆ ಪೆನ್ನಿನಲ್ಲಿ ಹಸೆ ಚಿತ್ತಾರದ ಗೆರೆ ಹಾಕಿದರು.’ ‘ಅವಳಿ ಮಕ್ಕಳಲ್ಲಿ ಚಿಕ್ಕದಕ್ಕೆ ಜಾಸ್ತಿ ಕೂದಲು.’ ಇಷ್ಟೇ. ಬೇಜಾರು, ಸುಸ್ತು ಅಂತ ಬರೆಯುವುದಿಲ್ಲ, ಅದು ಎಲ್ಲ ದಿನವೂ ಒಂದೇ. ಮೂರು ತಿಂಗಳ ಪುಟ ಒಟ್ಟಿಗೆ ಓದಿ ನೋಡಿ, ಆ ಮೂರು ತಿಂಗಳು ನಿಜವಾಗಿ ನಿಮ್ಮದಾಗಿತ್ತು ಅನ್ನಿಸುತ್ತದೆ.

ಹಗಲು ರಾತ್ರಿ ತಪ್ಪಿದವರಿಗೆ

ಇದು ಎಲ್ಲಕ್ಕಿಂತ ಮುಖ್ಯ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ 23ರ ಫ್ರೆಂಚ್ ಯುವಕ ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ಸುಮಾರು ಎರಡು ತಿಂಗಳು ಒಬ್ಬನೇ ಇದ್ದ. ಸೆಪ್ಟೆಂಬರ್ 14ಕ್ಕೆ ಮುಗಿಯಿತು ಅಂತ ಕರೆದಾಗ ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಸೆಕೆಂಡಿಗೆ ಒಂದರಂತೆ 120 ಎಣಿಸಲು ಅವನಿಗೆ 5 ನಿಮಿಷ ಬೇಕಾಗಿತ್ತು. ಅವನು ಗಟ್ಟಿಮುಟ್ಟಾದ ಯುವಕ. ಕಿಟಕಿ ಇಲ್ಲದ, ರಾತ್ರಿಯೆಲ್ಲ ದೀಪ ಉರಿಯುವ ಐಸಿಯುನಲ್ಲಿ ಮಲಗಿದ 75ರ ಅಜ್ಜನ ಪಾಡು ಏನಾಗಬೇಡ? ಕಾಯಿಲೆ, ಔಷಧ, ನಿದ್ದೆಗೇಡು ಜೊತೆಗೆ ಸೇರಿ ಎಷ್ಟೋ ಹಿರಿಯರಿಗೆ ಗೊಂದಲ ಹಿಡಿಯುತ್ತದೆ. ನಳಿಕೆ ಕೀಳುತ್ತಾರೆ, ಮನೆಯವರನ್ನೇ ಗುರುತು ಹಿಡಿಯುವುದಿಲ್ಲ. ‘ಅರಳುಮರಳು’ ಅಂತ ಸುಮ್ನೆ ಬಿಟ್ಟುಬಿಡಬೇಡಿ, ಥಟ್ಟನೆ ಹೀಗಾದರೆ ಕೂಡಲೇ ವೈದ್ಯರಿಗೆ ಹೇಳಿ.

ಒಳಗೆ ಹೋದಾಗ ‘ನನ್ನ ಹೆಸರು ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡಬೇಡಿ. ನೀವೇ ಹೇಳಿ: ‘ಅಪ್ಪಾ, ನಾನು ನಿಮ್ಮ ದೊಡ್ಡ ಮಗಳು. ಇವತ್ತು ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಹೊರಗೆ ಮಳೆ ಬರುತ್ತಿದೆ. ನಿನ್ನೆ ಆಪರೇಷನ್ ಆಯಿತು.’ ಪ್ರತಿ ಸಲವೂ ಇದನ್ನೇ ಹೇಳಿ. ದೊಡ್ಡ ಅಕ್ಷರದ ಗಡಿಯಾರ, ದಿನ ಹರಿಯುವ ಕ್ಯಾಲೆಂಡರ್ ಅವರಿಗೆ ಕಾಣುವಂತೆ ಇಡಬಹುದಾ ಅಂತ ಸಿಸ್ಟರ್ ಹತ್ತಿರ ಕೇಳಿ. ರಾತ್ರಿ ದೀಪ ತಗ್ಗಿಸಲು ಆಗುತ್ತದಾ, ಹಗಲು ಸ್ವಲ್ಪ ಹೊತ್ತು ಎದ್ದು ಕೂರಿಸಬಹುದಾ ಅಂತಲೂ ಕೇಳಿ. ಮನೆಯಿಂದ ಬರುವಾಗ ಅವರ ಕನ್ನಡಕ, ಕಿವಿಯ ಮಿಷನ್ ಮರೆಯದೆ ತನ್ನಿ. ಎಷ್ಟೋ ಮನೆಯವರು ‘ಕಳೆದುಹೋಗುತ್ತದೆ’ ಅಂತ ಬೀರುವಿನಲ್ಲಿಟ್ಟು ಬರುತ್ತಾರೆ. ಹೆಸರು ಬರೆದ ಡಬ್ಬಿಯಲ್ಲಿ ಹಾಕಿ ನಮ್ಮ ಕೈಗೆ ಕೊಡಿ, ಜೋಪಾನ ಮಾಡುತ್ತೇವೆ.