ಕ್ಯಾಮೆರಾಕ್ಕೆ ಕೇಳಿದ ಹಣ ಬರಲಿಲ್ಲ

ಅನುದಾನಕ್ಕೆ ಹಾಕಿದ ನಮ್ಮ ಮೊದಲ ಅರ್ಜಿ ವಾಪಸ್ ಬಂದಾಗ ಅದರ ಜೊತೆ ಒಂದೇ ಸಾಲಿನ ಟಿಪ್ಪಣಿ ಇತ್ತು: ‘ಯೋಜನೆ ಮುಗಿದ ಮೇಲೆ ಬುಟ್ಟಿ ಹೆಣೆಯುವವರು ಯಾರು?’ ಎರಡು ದಿನ ಸಿಟ್ಟಿನಲ್ಲೇ ಇದ್ದೆ. ಮೂರನೇ ದಿನ ಅರ್ಜಿ ತೆಗೆದು ಓದಿದರೆ, ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಕ್ಯಾಮೆರಾ, ಲ್ಯಾಪ್‌ಟಾಪ್, ಒಂದು ಬಣ್ಣದ ಪುಸ್ತಕ ಮತ್ತು ಅದರ ಬಿಡುಗಡೆಗೆ ಹೋಗಿತ್ತು. ಬದುಕಿಡೀ ಹೆಣೆದವರ ಪಾಲಿಗೆ ‘ಇತರೆ ವೆಚ್ಚ’ದ ಕೆಳಗೆ ಒಂದು ಸನ್ಮಾನ ಮಾತ್ರ ಇತ್ತು.

ನಾವು ನಾಲ್ಕು ಜನ. ಬುಟ್ಟಿ ಹೆಣೆಯುವ ಹಿರಿಯರ ಕಸುಬನ್ನೂ ಅವರ ನೆನಪುಗಳನ್ನೂ ಉಳಿಸೋಣ ಅಂತ ಹೊರಟವರು. ಹಣದ ಲೋಕ ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಹೆಸರು ಕಂಡಲ್ಲೆಲ್ಲ ಬಾಗಿಲು ತಟ್ಟುವುದೇ ಕೆಲಸ ಅಂದುಕೊಂಡಿದ್ದೆವು. ಯಾರ ಹಣ ಯಾವುದಕ್ಕೆ ಎಂದು ತಿಳಿಯುವುದರಲ್ಲೇ ಆರು ತಿಂಗಳು ಕಳೆಯಿತು. ಯುನೆಸ್ಕೋದ 2003ರ ಒಡಂಬಡಿಕೆಯ ಅಡಿಯಲ್ಲಿ, ಕಸುಬು, ಹಾಡು, ಆಚರಣೆಗಳಂಥ ಅಮೂರ್ತ ಪರಂಪರೆಗೆಂದೇ ಒಂದು ನಿಧಿ ಇದೆ. ಆದರೆ ಆ ನೆರವಿಗೆ ಅರ್ಜಿ ಹಾಕಬೇಕಾದ್ದು ಸದಸ್ಯ ದೇಶದ ಸರ್ಕಾರ, ನಮ್ಮಂಥ ಗುಂಪಲ್ಲ. ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ 2004ರಿಂದ ನಡೆಯುತ್ತಿದೆ. ಅದು ಹಾಳಾಗುತ್ತಿರುವ ಹಳೆಯ ಕಾಗದಪತ್ರ, ಫೋಟೋ, ಧ್ವನಿಮುದ್ರಿಕೆಗಳ ಪ್ರತಿ ಮಾಡಿಸಲು ಹಣ ಕೊಡುತ್ತದೆ. ಹೊಸದಾಗಿ ಸಂದರ್ಶನ ಮಾಡುವವರಿಗೆ ಅಲ್ಲ. ಕೈಕೆಲಸದ ತಿಳಿವಳಿಕೆಯನ್ನು ದಾಖಲಿಸಲು ಬ್ರಿಟಿಷ್ ಮ್ಯೂಸಿಯಂನಲ್ಲಿ ಬೇರೆಯೇ ಕಾರ್ಯಕ್ರಮವಿದೆ. ಅಳಿವಿನಂಚಿನ ಭಾಷೆಗಳ ದಾಖಲಾತಿಗೆ ಇನ್ನೊಂದು. ಈ ಕೊನೆಯ ಮೂರರ ಹಿಂದೆಯೂ ಇರುವುದು ಆರ್ಕೇಡಿಯಾ ಎಂಬ ಒಂದೇ ದತ್ತಿ ಸಂಸ್ಥೆಯ ಹಣ ಎಂದು ಗೊತ್ತಾದಾಗ ನಗು ಬಂತು.

ನಮ್ಮ ಕೆಲಸ ಇವುಗಳಲ್ಲಿ ಯಾವುದರ ಚೌಕಟ್ಟಿಗೂ ಪೂರ್ತಿ ಹೊಂದಲಿಲ್ಲ. ಹಾಗಂತ ಓದಿದ್ದು ದಂಡವಾಗಲಿಲ್ಲ. ಯಾವುದು ತಮ್ಮ ಪರಂಪರೆ ಎಂದು ಗುರುತಿಸಬೇಕಾದವರು ಆ ಸಮುದಾಯದವರೇ ಎನ್ನುತ್ತದೆ ಯುನೆಸ್ಕೋ ಒಡಂಬಡಿಕೆಯ 2ನೇ ವಿಧಿ. ‘ಸಂರಕ್ಷಣೆ’ ಎಂದರೆ ಏನೇನು ಎಂದು ಅದು ಹೇಳುವಲ್ಲಿ ದಾಖಲಾತಿಯ ಜೊತೆಗೇ ಮುಂದಿನವರಿಗೆ ದಾಟಿಸುವುದೂ ಇದೆ. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟಿದ್ದೆವು.

ಎರಡನೇ ಅರ್ಜಿಯನ್ನು ಹೆಣೆಯುವವರ ಅಂಗಳದಲ್ಲೇ ಕೂತು ಬರೆದೆವು. ‘ನಿಮಗೆ ಏನು ಬೇಕು’ ಅಂತ ಕೇಳಿದರೆ ಯಾರೂ ಪುಸ್ತಕದ ಮಾತೆತ್ತಲಿಲ್ಲ. ‘ಕಲಿಯೋಕೆ ಯಾರಾದರೂ ಬಂದರೆ ಸಾಕು, ಆದರೆ ಅವರ ಹೊಟ್ಟೆಪಾಡಿಗೆ ಏನು ಮಾಡ್ತೀರಿ?’ ಅಂದರು ಹೆಣೆಯುವವರಲ್ಲಿ ಒಬ್ಬ ಅಜ್ಜಿ. ಬಜೆಟ್ ತಲೆಕೆಳಗಾಯಿತು. ಕಲಿಸುವವರ ಗೌರವಧನ ಮೇಲೆ, ಐದು ಜನ ಕಲಿಯುವವರ ತಿಂಗಳ ಭತ್ಯೆ ಅದರ ಕೆಳಗೆ, ಕಚ್ಚಾ ಸಾಮಾನು ಮೂರನೆಯದು. ಕ್ಯಾಮೆರಾವನ್ನು ಬಾಡಿಗೆಗೆ ತಂದರಾಯಿತು ಅಂದುಕೊಂಡೆವು. ಈ ಸಲ ಒಂದು ಸಣ್ಣ ಟ್ರಸ್ಟ್ ಒಪ್ಪಿತು.

ಕಲಿಯುವವರ ಭತ್ಯೆ ಯಾಕೆ ಅಂತ ಅನುದಾನ ಕೊಡುವವರು ಈಗಲೂ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಒಂದು ಸದ್ದಿನ ಕಥೆ. ಅಜ್ಜಿ ಪ್ರತಿ ಸೀಳನ್ನೂ ಹೆಣಿಗೆಗೆ ಸೇರಿಸುವ ಮೊದಲು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಬಗ್ಗಿಸುತ್ತಾರೆ. ನಾನು ಅದನ್ನು ವಿಡಿಯೋದಲ್ಲಿ ಹತ್ತಾರು ಸಲ ನೋಡಿದ್ದೆ, ಏನೋ ಕೈಯ ರೂಢಿ ಅಂತ ಬಿಟ್ಟಿದ್ದೆ. ಕಲಿಯಲು ಬಂದ ಹುಡುಗಿಯ ಸೀಳುಗಳು ಮೇಲಿಂದ ಮೇಲೆ ಮುರಿಯುತ್ತಿದ್ದವು. ಮೂರನೇ ವಾರ ಅವಳು ಅಳುಮೋರೆ ಮಾಡಿಕೊಂಡು, ‘ನಿಮ್ಮದು ಮಾತ್ರ ಯಾಕೆ ಮುರಿಯಲ್ಲ ಅಜ್ಜಿ?’ ಅಂದಳು. ಅಜ್ಜಿ ಅವಳ ಕಿವಿಗೆ ಒಂದು ಸೀಳು ಹಿಡಿದರು. ಬಗ್ಗಿಸಿದಾಗ ಒಳಗೆ ಚಿಟಿಕೆಗಿಂತ ಸಣ್ಣ ಸದ್ದಾದರೆ ಅದು ಮತ್ತೆ ನೀರಿಗೆ. ಸದ್ದಿಲ್ಲದೆ ಬಾಗಿದರೆ ಮಡಿಲಿಗೆ. ನನ್ನ ರೆಕಾರ್ಡಿಂಗಿನಲ್ಲಿ ಆ ಸದ್ದು ಬಿದ್ದೇ ಇರಲಿಲ್ಲ. ಇಷ್ಟು ತಿಂಗಳ ಸಂದರ್ಶನದಲ್ಲಿ ನಾನು ಕೇಳದ ಪ್ರಶ್ನೆಯನ್ನು, ಕೆಲಸ ಕೆಟ್ಟಿದ್ದಕ್ಕೆ ಅವಳು ಕೇಳಿದ್ದಳು.

ನೆನಪುಗಳನ್ನು ದಾಖಲಿಸುವ ಲೆಕ್ಕದಲ್ಲಿ ನಾವು ಎಡವಿದ್ದು ಬೇರೆ ಕಡೆ. ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ನಾಲ್ಕರಿಂದ ಆರು ಗಂಟೆ ಬೇಕು; ಇಬ್ಬರು ಒಟ್ಟಿಗೆ ಮಾತಾಡಿದ್ದರೆ, ಆಡುಮಾತು ಗಟ್ಟಿಯಾಗಿದ್ದರೆ ಇನ್ನೂ ಹೆಚ್ಚು. ನಾವು ಎರಡು ಗಂಟೆ ಹಿಡಿದಿದ್ದೆವು. ಉಳಿದದ್ದನ್ನು ನಾವೇ ರಾತ್ರಿ ಕೂತು ಮುಗಿಸಿದೆವು. ರೆಕಾರ್ಡಿಂಗ್ ಇಡುವ ಜಾಗವೂ ಲೆಕ್ಕಕ್ಕೆ ಬೇಕು: ಒಳ್ಳೆಯ ಗುಣಮಟ್ಟದಲ್ಲಿ (48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ) ಮಾಡಿದರೆ ಗಂಟೆಗೆ ಸುಮಾರು ಒಂದು ಜಿಬಿ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಹಾರ್ಡ್ ಡಿಸ್ಕ್ ಕೊಳ್ಳಲು ಹಣ ಸಿಗುತ್ತದೆ, ಕೆಲವು ವರ್ಷದ ನಂತರ ಅದನ್ನು ಬದಲಾಯಿಸಲು ಸಿಗುವುದಿಲ್ಲ. ಈ ಖರ್ಚಿಗೆ ನಾವು ಸಮುದಾಯದವರಿಂದಲೇ ವಂತಿಗೆ ಎತ್ತುತ್ತೇವೆ.

ನೆನಪು ಹೇಳಿದವರಿಗೆ ಹಣ ಕೊಡಬೇಕೇ? ಇದರ ಮೇಲೆ ನಮ್ಮೊಳಗೇ ಜಗಳವಾಗಿದೆ. ನನ್ನ ಮಟ್ಟಿಗೆ, ಕಲಿಸುವುದು ದುಡಿಮೆ, ಅದಕ್ಕೆ ಸಂಬಳ ಸಲ್ಲಬೇಕು. ಕಥೆಗೆ ಗಂಟೆಯ ಲೆಕ್ಕ ಕಟ್ಟಿದರೆ ಕಥೆ ಉದ್ದವಾಗುತ್ತದೆ, ನಿಜವಾಗುವುದಿಲ್ಲ. ಹಾಗಾಗಿ ಹೋಗಿಬರುವ ಖರ್ಚು ಕೊಡುತ್ತೇವೆ, ರೆಕಾರ್ಡಿಂಗಿನ ಒಂದು ಪ್ರತಿಯನ್ನು ಅವರ ಮನೆಗೇ ತಲುಪಿಸುತ್ತೇವೆ.

ಒಬ್ಬ ಹಿರಿಯರು ಮದುವೆಯ ದಿನಗಳ ಬಗ್ಗೆ ಮನಬಿಚ್ಚಿ ಮಾತಾಡಿ, ವಾರದ ಮೇಲೆ ಬಂದು ‘ಅದನ್ನು ಅಳಿಸಿಬಿಡಿ, ಮಕ್ಕಳು ಕೇಳಬಾರದು’ ಅಂದರು. ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಿದ್ದರು. ಅನುದಾನ ಕೊಟ್ಟವರಿಗೆ ನಾವು 40 ಸಂದರ್ಶನಗಳ ಮಾತು ಕೊಟ್ಟಿದ್ದೆವು, ಎಲ್ಲವನ್ನೂ ಸಾರ್ವಜನಿಕವಾಗಿ ತೆರೆದಿಡುತ್ತೇವೆ ಎಂಬ ಷರತ್ತಿಗೂ ಹೂಂ ಅಂದಿದ್ದೆವು. ಅಳಿಸಿದೆವು. ವರದಿಯಲ್ಲಿ 39 ಅಂತ ಬರೆದು ಕಾರಣ ಕೊಟ್ಟೆವು. ಮೂರು ಪತ್ರಗಳ ಹಗ್ಗಜಗ್ಗಾಟ ಆಯಿತು. ಈಗ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ‘ಹೇಳಿದವರು ಬೇಡವೆಂದರೆ ತೆಗೆಯುತ್ತೇವೆ, ಸಂಖ್ಯೆ ಕಡಿಮೆಯಾದೀತು’ ಎಂಬ ಸಾಲು ಸೇರಿಸುತ್ತೇವೆ. ಅನುದಾನ ಕೊಡುವವರಲ್ಲಿ ಈ ಸಾಲು ಬೇಡ ಅಂದವರು ಇಲ್ಲಿಯವರೆಗೆ ಒಬ್ಬರೇ, ಅವರ ಹಣವನ್ನು ನಾವು ಬಿಟ್ಟೆವು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಂತುಗಳು. ಎರಡನೇ ಕಂತು ಬರಬೇಕಾದರೆ ಮೊದಲನೆಯದರ ಲೆಕ್ಕ ಒಪ್ಪಿತವಾಗಬೇಕು. ಲೆಕ್ಕದಲ್ಲಿ ಅಜ್ಜಿಯ ಹೆಬ್ಬೆಟ್ಟಿನ ವೋಚರ್ ಇತ್ತು, ಆಡಿಟರ್‌ಗೆ ಬ್ಯಾಂಕ್ ರಸೀದಿ ಬೇಕಿತ್ತು. ಹಣ ತಡವಾಯಿತು, ಎರಡು ತಿಂಗಳು ಅಜ್ಜಿಗೆ ಏನೂ ಕೊಡಲಿಲ್ಲ. ಅವರು ಜಗಳವಾಡಲಿಲ್ಲ. ಕಲಿಸಲು ಬರುವುದನ್ನು ನಿಲ್ಲಿಸಿದರು, ಅಷ್ಟೆ. ಕೇಳಲು ಹೋದಾಗ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಿದ್ದರು. ‘ಬುಟ್ಟಿ ಎಲ್ಲಿಗೂ ಹೋಗಲ್ಲ ಬಿಡಪ್ಪ, ದುಡ್ಡು ಬಂದಾಗ ಹೇಳು’ ಅಂದರು.

ನಾವು ನಾಲ್ವರೂ ಕೈಯಿಂದ ಹಾಕಿ ಬಾಕಿ ತೀರಿಸಿದೆವು. ಆಮೇಲಿನ ಯಾವ ಯೋಜನೆಯನ್ನೂ ಮೂರು ತಿಂಗಳ ಗೌರವಧನ ಮೊದಲೇ ಬೇರೆ ಖಾತೆಯಲ್ಲಿ ಕೂಡಿಟ್ಟುಕೊಳ್ಳದೆ ಶುರುಮಾಡಿಲ್ಲ. ಅಜ್ಜಿಗೆ ಬ್ಯಾಂಕ್ ಖಾತೆ ತೆರೆಸಲು ಒಂದು ಇಡೀ ದಿನ ಬೇಕಾಯಿತು. ಕೌಂಟರಿನ ಮುಂದೆ ಕಾಯುತ್ತ ಕೂತಿದ್ದಾಗ ಅವರು ಅರ್ಜಿ ಫಾರ್ಮಿನ ಅಂಚನ್ನು ಹಿಡಿದು, ಕಿವಿಯ ಹತ್ತಿರ ತಂದು, ಸುಮ್ಮನೆ ಬಗ್ಗಿಸಿ ನೋಡುತ್ತಿದ್ದರು.