ಶ್ರೀರಂಗಪಟ್ಟಣದ ಕೋಟೆಗೋಡೆಯನ್ನು ನಡೆದು ನೋಡುವುದು ಹೇಗೆ: ಎರಡು ದಿನದ ನಡಿಗೆ

ಶ್ರೀರಂಗಪಟ್ಟಣಕ್ಕೆ ಬಂದವರಲ್ಲಿ ಹೆಚ್ಚಿನವರು ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್, ಗುಂಬಜ್, ಸಂಗಮ ಅಂತ ಕಾರಿನಲ್ಲೇ ಸುತ್ತಿ ಸಂಜೆಗೆ ಮೈಸೂರು ಸೇರಿಬಿಡುತ್ತಾರೆ. ಈ ಊರು ಯಾಕೆ ರಾಜಧಾನಿಯಾಯಿತು, ಆಮೇಲೆ ಯಾಕೆ ಬಿತ್ತು ಎಂಬ ಎರಡು ಪ್ರಶ್ನೆಗೂ ಉತ್ತರ ಇರುವುದು ಗೋಡೆಯೂ ಕಾವೇರಿಯೂ ಕೂಡುವ ಜಾಗದಲ್ಲಿ. ಅಲ್ಲಿಗೆ ಕಾರು ಹೋಗುವುದಿಲ್ಲ.

ಗೋಡೆಯ ಸುತ್ತು, ಬಳಸುದಾರಿಗಳೂ ಸೇರಿ, ಐದಾರು ಕಿಲೋಮೀಟರ್ ನಡಿಗೆ. ಒಂದೇ ಬೆಳಿಗ್ಗೆ ಮುಗಿಸಿಬಿಡೋಣ ಅನ್ನಿಸುವುದು ಸಹಜ, ಆದರೆ ಹಾಗೆ ಮಾಡಬೇಡಿ. ವಾಯವ್ಯ ಮೂಲೆಯಲ್ಲಿ ಗೋಡೆ ಒಡೆದ ಜಾಗದಿಂದ ಹೊರಟು, ಬೆಳಿಗ್ಗೆ ಉತ್ತರದ ಗೋಡೆಗುಂಟ ಪೂರ್ವಕ್ಕೆ ನಡೆಯಿರಿ. ಸಂಜೆ ಮತ್ತೆ ಅದೇ ಮೂಲೆಗೆ ಬಂದು ದಕ್ಷಿಣದ ಗೋಡೆಗುಂಟ ಪೂರ್ವಕ್ಕೆ ನಡೆಯಿರಿ. 1799ರ ಮೇ 4ರಂದು ಒಳನುಗ್ಗಿದ ಬ್ರಿಟಿಷ್ ಪಡೆ ಗೋಡೆ ಹತ್ತಿದ ಮೇಲೆ ಎರಡಾಗಿ ಒಡೆದು, ಹೀಗೇ ಎಡಕ್ಕೊಂದು ಬಲಕ್ಕೊಂದು ಹೋಗಿ ಪೂರ್ವದ ಕಡೆ ಕೂಡಿಕೊಂಡಿತು. ಆ ಎರಡು ದಾರಿಯನ್ನು ಬೇರೆಬೇರೆಯಾಗಿ ನಡೆದರೆ ಕೋಟೆ ಅರ್ಥವಾಗುತ್ತದೆ, ಬಿಸಿಲಿನ ಕಾಟವೂ ಕಡಿಮೆ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಗೋಡೆಯ ಹೊರಬುಡದಲ್ಲಿ ನೆರಳು ಇರುತ್ತದೆ. ಮಾರ್ಚ್ ದಾಟಿದರೆ ಬೆಳಿಗ್ಗೆ ಹತ್ತಕ್ಕೇ ಕಲ್ಲು ಕಾಯುತ್ತದೆ. ಮಳೆಗಾಲದಲ್ಲಿ ಗೋಡೆಯ ಮೇಲಿನ ಹುಲ್ಲು ಸೊಂಟದವರೆಗೆ ಬೆಳೆದು ಅಂಚು ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ಬರುವವರು ಹಿಂದಿನ ದಿನವೇ ಕೆಆರ್‌ಎಸ್ ಹೊರಹರಿವು ನೋಡಿಕೊಳ್ಳಬೇಕು. ಕಟ್ಟೆ 124.80 ಅಡಿ ಮುಟ್ಟಿತೆಂದರೆ ಒಳಬಂದ ನೀರನ್ನೆಲ್ಲ ಬಿಡಲೇಬೇಕಾಗುತ್ತದೆ. ಹೊರಹರಿವು ಲಕ್ಷ ಕ್ಯೂಸೆಕ್ ಹತ್ತಿರ ಬಂದರೆ ಸ್ನಾನಘಟ್ಟಗಳು ಮುಳುಗುತ್ತವೆ, ನದಿ ಬದಿಯ ದಾರಿಯೂ ಇರುವುದಿಲ್ಲ.

ತಂಡ ಹನ್ನೆರಡು ಜನಕ್ಕಿಂತ ದೊಡ್ಡದಾಗದಿರಲಿ. ಹಲವು ಕಡೆ ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯಬೇಕು, ಹನ್ನೆರಡರ ಆಚೆ ಮುಂದಿದ್ದವರ ಮಾತು ಕೊನೆಯವರಿಗೆ ಮುಟ್ಟುವುದಿಲ್ಲ. ಮುಂದೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವ ಗೈಡ್, ಹಿಂದೆ ಜಾಗ ಬಲ್ಲ ಸ್ಥಳೀಯರೊಬ್ಬರು ಇರಲಿ. ಯಾವ ಕಾಲುದಾರಿಗೆ ಈ ವಾರ ಬೇಲಿ ಬಿದ್ದಿದೆ, ಯಾವ ಕೊತ್ತಲದಲ್ಲಿ ಹೆಜ್ಜೇನು ಕಟ್ಟಿದೆ ಎಂಬುದು ಅಲ್ಲೇ ದನ ಮೇಯಿಸುವವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಇಬ್ಬರಿಗೂ ಕೊಡುವ ಹಣ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ.

ಉದ್ದ ಪ್ಯಾಂಟು, ತುಂಬುತೋಳಿನ ಹತ್ತಿಯ ಅಂಗಿ, ಕಣಕಾಲು ಮುಚ್ಚುವ ಹಿಡಿತದ ಶೂ ಬೇಕೇ ಬೇಕು. ಜಾಲಿಮುಳ್ಳು ತೆಳು ಅಟ್ಟೆಯನ್ನು ತೂರಿಕೊಂಡು ಬರುತ್ತದೆ, ಉತ್ತರಾಣಿಯ ಮುಳ್ಳುಬೀಜ ಬಟ್ಟೆಗೆ ಮೆತ್ತಿದರೆ ಬಿಡಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಕಾಂಗ್ರೆಸ್ ಗಿಡದಿಂದ ಸೀನು, ಉಬ್ಬಸ ಬರುವವರು ಮಾಸ್ಕ್ ತರಲಿ. ತಲಾ ಎರಡು ಲೀಟರ್ ನೀರು, ತಂಡಕ್ಕೆ ಆರು ಪೊಟ್ಟಣ ಓಆರ್‌ಎಸ್, ಒಬ್ಬೊಬ್ಬರಿಗೂ ಎದೆಮಟ್ಟದ ಒಂದು ಬಿದಿರು ಕೋಲು. ಸೆಂಟು ಹಾಕಿಕೊಂಡು ಬರಬಾರದು, ಹೆಜ್ಜೇನು ಕೆರಳುವುದಕ್ಕೆ ಅಷ್ಟೇ ಸಾಕು.

ಮೈಸೂರಿನಿಂದಾಗಲಿ ಮಂಡ್ಯದಿಂದಾಗಲಿ ರೈಲಿನಲ್ಲಿ ಬರುವುದೇ ಮೇಲು, ನಿಲ್ದಾಣ ಕೋಟೆಯ ಒಳಗೇ ಇದೆ. ಬಸ್ಸಾದರೆ ಊರೊಳಗೆ ಬರುತ್ತದೆಯೋ ಬೈಪಾಸ್‌ನಲ್ಲಿ ಹೋಗುತ್ತದೆಯೋ ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ. ದಶಪಥ ಹೆದ್ದಾರಿ ಆದಮೇಲೆ ತಡೆರಹಿತ ಬಸ್ಸುಗಳು ಊರನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗಿಬಿಡುತ್ತವೆ.

ಮೊದಲ ದಿನ ಬೆಳಿಗ್ಗೆ: ಒಡೆದ ಮೂಲೆಯಿಂದ ಉತ್ತರದ ಗೋಡೆ

ಆರೂವರೆಗೆ ವಾಯವ್ಯ ಮೂಲೆಯ ಸ್ಮಾರಕ ಸ್ತಂಭದ ಬಳಿ ಸೇರಿ. ನಡಿಗೆ ಶುರು ಮಾಡುವ ಮೊದಲು ಇಲ್ಲಿ ಇಪ್ಪತ್ತು ನಿಮಿಷ ನಿಲ್ಲಲೇಬೇಕು. ಗೈಡ್ ಜನರನ್ನು ಸ್ತಂಭದ ಕಡೆ ತಿರುಗಿಸಿ ನಿಲ್ಲಿಸುತ್ತಾರೆ. ನೀವು ಅದಕ್ಕೆ ಬೆನ್ನು ಹಾಕಿ ನದಿ ನೋಡಿ. ಪಾತ್ರದ ತುಂಬ ಬಂಡೆ. ಬೇಸಿಗೆಯಲ್ಲಿ ನೀರು ಬಂಡೆಗಳ ನಡುವೆ ಸಣ್ಣ ಸಣ್ಣ ಹರಿವಾಗಿ ಒಡೆದುಹೋಗುತ್ತದೆ. ಮುಂಗಾರು ಇಳಿಯಿತೆಂದರೆ ಇದೇ ಜಾಗ ದಾಟಲಾಗದ ಹೊಳೆ. ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೆ ಇದ್ದ ಅವಸರವೆಲ್ಲ ಅದೇ: ಮಳೆಗೆ ಮೊದಲು ದಾಟದಿದ್ದರೆ ಆ ವರ್ಷ ಕೋಟೆ ಕೈಗೆ ಸಿಗುತ್ತಿರಲಿಲ್ಲ. ತೋಪುಗಳಿಂದ ಈ ಮೂಲೆಯನ್ನೇ ಹೊಡೆದು ಒಡೆದರು. ಬಿಸಿಲು ನೆತ್ತಿಗೇರಿ ಕಾವಲಿನವರು ದಣಿವಾರಿಸಿಕೊಳ್ಳುವ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನೀರಿಗಿಳಿದರು. ದಾಟಲು ಹಿಡಿದದ್ದು ಕೆಲವೇ ನಿಮಿಷ.

ನೀವು ಮಾತ್ರ ನೀರಿಗಿಳಿಯಬೇಡಿ. ಪಾಚಿಗಟ್ಟಿದ ಬಂಡೆ ಜಾರುತ್ತದೆ, ಬಂಡೆ ಸಂದಿನ ಮಡುವಿನ ಆಳ ಮೇಲಿನಿಂದ ತಿಳಿಯುವುದಿಲ್ಲ. ರಂಗನತಿಟ್ಟಿನ ಮೊಸಳೆಗಳು ಇದೇ ನದಿಯವು.

ಇನ್ನು ನಡಿಗೆ. ಗೋಡೆಯ ಮೇಲೆ ಒಂದೇ ಸಮ ನಡೆಯಲಾಗುವುದಿಲ್ಲ. ಕೆಲವು ಕಡೆ ಕುಸಿದಿದೆ, ಕೆಲವು ಕಡೆ ಮುಳ್ಳು ಬೆಳೆದಿದೆ, ಕೆಲವು ಕಡೆ ಹಿತ್ತಿಲು, ಗದ್ದೆ ಬಂದಿವೆ. ಇಳಿದು ರಸ್ತೆ ಹಿಡಿದು ಮುಂದೆ ಮತ್ತೆ ಹತ್ತುವುದು ಮಾಮೂಲು. ಬೆಂಗಳೂರು–ಮೈಸೂರು ಜೋಡಿ ಹಳಿ ಕೋಟೆಯನ್ನು ಸೀಳಿಕೊಂಡು ಹೋಗುತ್ತದೆ. ಎಷ್ಟೇ ಸುತ್ತಾದರೂ ರಸ್ತೆಯಲ್ಲೇ ಬನ್ನಿ, ಹಳಿ ಹಾರಬೇಡಿ.

ಗೋಡೆ ಹೇಗೆ ಕುಸಿಯುತ್ತದೆ ಎಂದು ತಿಳಿದಿದ್ದರೆ ಎಲ್ಲಿ ಕಾಲಿಡಬಾರದು ಎಂಬುದು ತಾನೇ ತಿಳಿಯುತ್ತದೆ. ಹೊರಮೈ ಗಾರೆ ಹಾಕಿ ಕೂರಿಸಿದ ಕಲ್ಲು, ಒಳಗೆ ತುಂಬಿದ್ದು ಮಣ್ಣು. ಕಲ್ಲಿನ ಸಂದಿಯಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆತರೆ ಬೇರು ಗಾರೆಯನ್ನು ಸೀಳುತ್ತದೆ. ಆ ಸೀಳಿನಲ್ಲಿ ಮಳೆನೀರು ಇಳಿದು ಒಳಗಿನ ಮಣ್ಣನ್ನು ಸ್ವಲ್ಪಸ್ವಲ್ಪವೇ ಹೊರಗೆ ಹೊತ್ತೊಯ್ಯುತ್ತದೆ. ಕೊನೆಗೆ ಮೇಲಿನ ಕಲ್ಲುಹಾಸು ಟೊಳ್ಳಿನ ಮೇಲೆ ನಿಂತಿರುತ್ತದೆ. ನೋಡಲು ಗಟ್ಟಿ, ಭಾರ ಬಿದ್ದ ಗಳಿಗೆಗೆ ಜಾರುತ್ತದೆ. ಅಂಚಿನಿಂದ ನಾಲ್ಕು ಅಡಿ ಒಳಗೇ ನಡೆಯಿರಿ. ಅನುಮಾನ ಬಂದ ಕಡೆ ಕೋಲಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಿ. ಗೋಡೆಯಲ್ಲಿ ಗಿಡ ಕಂಡರೆ ಅದರ ಮೇಲ್ಗಡೆ ಹೋಗಲೇಬೇಡಿ. ಗಿಡ ಹಿಡಿದು ಹತ್ತುವುದಂತೂ ಬೇಡವೇ ಬೇಡ: ಗಿಡದ ಜೊತೆ ಕಲ್ಲೂ ಕಿತ್ತು ಬರುತ್ತದೆ, ಕಲ್ಲಿನ ಜೊತೆ ನೀವೂ.

ಉತ್ತರದ ಸಾಲಿನಲ್ಲಿ ನಿಧಾನಿಸಬೇಕಾದ ಜಾಗ ಎರಡು. ಮೊದಲನೆಯದು ಕರ್ನಲ್ ಬೈಲಿ ಬಂದೀಖಾನೆ. ಮೇಲೆ ತೋಪಿನ ಕಟ್ಟೆ, ಕೆಳಗೆ ಕಮಾನಿನ ನೆಲಮಾಳಿಗೆ. ಗೋಡೆಯಿಂದ ಹೊರಚಾಚಿದ ಕಲ್ಲುಚಪ್ಪಡಿಗಳಲ್ಲಿ ಸೆರೆಯಾಳುಗಳನ್ನು ಬಿಗಿಯುವುದಕ್ಕೆ ಕೊರೆದ ತೂತುಗಳಿವೆ, ಹತ್ತಿರ ಹೋಗಿ ನೋಡಿ. 1780ರ ಪೊಲ್ಲಿಲೂರು ಕದನದಲ್ಲಿ ಹೈದರ್, ಟಿಪ್ಪುವಿನ ಪಡೆಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಬೈಲಿ 1782ರಲ್ಲಿ ಈ ಊರಿನಲ್ಲೇ ಸತ್ತ. ಅದೇ ಕದನದಲ್ಲಿ ಸಿಕ್ಕಿಬಿದ್ದು ಇಲ್ಲಿ ನಾಲ್ಕು ವರ್ಷದ ಹತ್ತಿರ ಸೆರೆಯಲ್ಲಿದ್ದ ಡೇವಿಡ್ ಬೇರ್ಡ್ 1799ರ ಲಗ್ಗೆಯ ಮುಂದಾಳಾದ. ಎರಡನೆಯದು ಉತ್ತರದ ನೀರಬಾಗಿಲು ಮತ್ತು ಅದರ ಆಸುಪಾಸಿನಲ್ಲಿ ಟಿಪ್ಪುವಿನ ದೇಹ ಸಿಕ್ಕ ಜಾಗದ ಗುರುತುಕಲ್ಲು. ಎಡಪಡೆಗೆ ಅತಿ ಹೆಚ್ಚು ಪ್ರತಿರೋಧ ಎದುರಾದದ್ದು ಈ ಉತ್ತರದ ಗೋಡೆಯ ಮೇಲೆ, ಟಿಪ್ಪು ಸ್ವತಃ ನಿಂತು ಹೋರಾಡಿದ ಕಡೆ. ಗೋಡೆಗುಂಟ ನಡೆದೇ ಇಲ್ಲಿಗೆ ಬಂದವರಿಗೆ ಎಷ್ಟು ಇಕ್ಕಟ್ಟಿನಲ್ಲಿ ಆ ಕಾದಾಟ ನಡೆಯಿತೆಂದು ಹೇಳಿಕೊಡಬೇಕಾಗಿಲ್ಲ.

ಹತ್ತು ಗಂಟೆಯೊಳಗೆ ಬೆಂಗಳೂರು ಬಾಗಿಲು ತಲುಪಿ. 1787ರ ಜಾಮಿಯಾ ಮಸೀದಿಯ ಎರಡು ಮಿನಾರು ದೂರದಿಂದಲೇ ಗುರುತು ಸಿಗುತ್ತವೆ.

ನಡು ಹೊತ್ತು

ಬಿಸಿಲಿನಲ್ಲಿ ಗೋಡೆ ಬೇಡ. ಕೋಟೆಯಾಚೆ ಪೂರ್ವಕ್ಕಿರುವ ದರಿಯಾ ದೌಲತ್‌ಗೆ ಹೋಗಿ. 1784ರ ಈ ಬೇಸಿಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಪೊಲ್ಲಿಲೂರು ಕದನದ ದೊಡ್ಡ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕುಳಿತ ಬೈಲಿಯನ್ನು ಅದರಲ್ಲಿ ಹುಡುಕಿ. ಬೆಳಿಗ್ಗೆ ಬಂದೀಖಾನೆ ನೋಡಿಕೊಂಡೇ ಇಲ್ಲಿಗೆ ಬರಬೇಕೆನ್ನುವುದು ಇದಕ್ಕೇ. ಊಟಕ್ಕೆ ಮುದ್ದೆ, ಸೊಪ್ಪಿನ ಉಪ್ಸಾರು ಸಾಕು. ಭರ್ಜರಿ ಬಾಡೂಟ ಹೊಡೆದರೆ ಸಂಜೆ ಕಾಲು ಏಳುವುದಿಲ್ಲ, ಅದನ್ನು ರಾತ್ರಿಗಿಟ್ಟುಕೊಳ್ಳಿ. ದಾರಿಬದಿಯಲ್ಲಿ ಕಬ್ಬಿನ ಹಾಲು ಕುಡಿಯುವವರು ಐಸ್ ಬೇಡವೆಂದು ಹೇಳಿ.

ಸಂಜೆ: ದಕ್ಷಿಣದ ಗೋಡೆ

ನಾಲ್ಕಕ್ಕೆ ಮತ್ತೆ ಒಡೆದ ಮೂಲೆಯಿಂದ ಹೊರಡಿ. ಈಗ ಬಿಸಿಲು ಬೆನ್ನಿಗಿರುತ್ತದೆ. ಈ ಬದಿಯಲ್ಲಿ ಮೈಸೂರು ಬಾಗಿಲು, ಆನೆ ಬಾಗಿಲು ಸಿಗುತ್ತವೆ. ನೋಡಬೇಕಾದದ್ದು ಕಂದಕ. ಪಶ್ಚಿಮ, ಉತ್ತರಕ್ಕೆ ನದಿಯೇ ಕಾವಲು. ದಕ್ಷಿಣದಲ್ಲಿ ಹೊಳೆ ದೂರ ಸರಿಯುತ್ತದೆ, ಪೂರ್ವಕ್ಕೆ ದ್ವೀಪದ ನೆಲ ಹಾಗೇ ಮುಂದುವರಿಯುತ್ತದೆ. 1792ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಪಡೆ ಆ ಪೂರ್ವದ ನೆಲದಲ್ಲೇ ಬಂದು ಬೀಡುಬಿಟ್ಟಿತು, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಆಮೇಲೆ ಕೋಟೆಯನ್ನು ಬಲಪಡಿಸಿದ. ಹೊಳೆಯಿಲ್ಲದ ಕಡೆ ಆಳದ ಕಂದಕ, ಅದರ ಹಿಂದೆ ಮತ್ತೊಂದು ಗೋಡೆ. ಇಷ್ಟೆಲ್ಲ ಮಾಡಿದ ಮೇಲೆ ಶತ್ರು ಬಂದದ್ದು ನದಿಯನ್ನೇ ನಂಬಿದ್ದ ಮೂಲೆಯಿಂದ. ಎರಡು ಗೋಡೆಯ ನಡುವಿನ ತಗ್ಗು ಕಂಡಲ್ಲಿ ಮೇಲಿನಿಂದ ನೋಡಿ ಸಾಕು, ಇಳಿಯಬೇಡಿ. ಹಾವು, ಒಡೆದ ಬಾಟಲಿ ಎರಡೂ ಅಲ್ಲೇ ಹೆಚ್ಚು.

ಆರರೊಳಗೆ ರಸ್ತೆ ಸೇರಿಬಿಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕೈಕಾಲು ಅಲುಗಾಡದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ಊರಲ್ಲೇ ತಾಲ್ಲೂಕು ಆಸ್ಪತ್ರೆ ಇದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಹದಿನೈದು ಕಿಲೋಮೀಟರ್ ಆಸುಪಾಸು. ಹೆಜ್ಜೇನು ಎದ್ದರೆ ಕೈ ಬೀಸದೆ ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ದೂರ ಓಡಿ. ಆದರೆ ಗೋಡೆಯ ಮೇಲಿದ್ದಾಗ ಓಡುವುದೂ ಅಪಾಯವೇ. ಅದಕ್ಕೇ ಗೂಡು ಕಂಡ ಕೊತ್ತಲವನ್ನು ಮೊದಲೇ ಬಳಸಿಕೊಂಡು ಹೋಗಬೇಕು.

ಎರಡನೆಯ ದಿನ: ಕರಿಘಟ್ಟದಿಂದ ಇಡೀ ದ್ವೀಪ

ಬೆಳಗಾಗುವ ಮೊದಲೇ ಕರಿಘಟ್ಟದ ಬುಡದಲ್ಲಿರಿ. ಮೆಟ್ಟಿಲೂ ಇದೆ, ರಸ್ತೆಯೂ ಇದೆ. ಮಂಡಿನೋವಿನವರು ಹತ್ತುವಾಗ ಮೆಟ್ಟಿಲು ಹಿಡಿದು, ಇಳಿಯುವಾಗ ರಸ್ತೆಯಲ್ಲಿ ಬರಲಿ. ತಿಂಡಿ ಚೀಲದೊಳಗೇ ಇರಲಿ, ಕೋತಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಕೋಟೆ ಇರುವುದು ಪಶ್ಚಿಮಕ್ಕೆ, ಬೆಳಗಿನ ಸೂರ್ಯ ನಿಮ್ಮ ಬೆನ್ನಹಿಂದೆ. ಹಾಗಾಗಿ ಮಸೀದಿಯ ಮಿನಾರು, ರಂಗನಾಥನ ಗೋಪುರ ಬಿಡಿಬಿಡಿಯಾಗಿ ಕಾಣುತ್ತವೆ. ಸಂಜೆ ಬಂದರೆ ಕಣ್ಣಿಗೆ ಬಿಸಿಲು ಹೊಡೆದು ಏನೂ ಕಾಣದು. ಬೆಟ್ಟದ ಬುಡದಲ್ಲಿ ಲೋಕಪಾವನಿ ಕಾವೇರಿಗೆ ಸೇರುವುದೂ ಇಲ್ಲಿಂದ ತಿಳಿಯುತ್ತದೆ. 1792ರಲ್ಲಿ ಎರಡೂ ಕಡೆಯವರಿಗೆ ಈ ಗುಡ್ಡ ಬೇಕಾಗಿದ್ದೂ ಇದೇ ನೋಟಕ್ಕಾಗಿ.

ಒಬ್ಬೊಬ್ಬರ ಕೈಗೂ ಒಂದು ಹಾಳೆ, ಪೆನ್ಸಿಲ್ ಕೊಟ್ಟು ನದಿಯ ಎರಡು ಕವಲು, ನಡುವೆ ದ್ವೀಪ, ದ್ವೀಪದ ಪಶ್ಚಿಮ ತುದಿಯಲ್ಲಿ ಕೋಟೆ ಬರೆಯಲು ಹೇಳಿ. ಹಿಂದಿನ ದಿನ ಎಲ್ಲಿ ಗೋಡೆ ಬಿಟ್ಟು ರಸ್ತೆಗಿಳಿದಿರಿ ಎಂಬುದನ್ನು ಚುಕ್ಕೆ ಹಾಕಿ ಗುರುತಿಸಲಿ. ಮುಂದಿನ ಸಲ ತಂಡ ಕರೆತರುವವರಿಗೆ ಈ ಹಾಳೆಗಳು ಯಾವ ನಕ್ಷೆಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತವೆ. ದಿನಾಂಕ ಬರೆದು ಗೈಡ್ ಹತ್ತಿರವೇ ಬಿಟ್ಟು ಬನ್ನಿ, ಒಂದು ಮಳೆಗಾಲ ಕಳೆದರೆ ಕೆಲವು ದಾರಿ ಬದಲಾಗಿರುತ್ತವೆ.