ಬರ್ಲಿನ್ ಬೀದಿಯ ಹಿತ್ತಾಳೆ ಕಲ್ಲಿಗೆ ಹುಣಸೆಹಣ್ಣು: ನನ್ನ ಅನುಭವ

ನವೆಂಬರ್ 9, ಅಂದರೆ 1938ರಲ್ಲಿ ನಾಜಿಗಳು ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಮಾಡಿದ ದಿನ, ಹತ್ತಿರ ಬಂತು ಅಂದರೆ ನಮ್ಮ ಗುಂಪಿನವರು ಈಗ ಮೊದಲು ಕೇಳುವುದು ಹುಣಸೆಹಣ್ಣು ಇದೆಯಾ ಅಂತ. ಕೆಲವು ವರ್ಷದ ಹಿಂದೆ ಇದೇ ಜನ ಬೇಡವೇ ಬೇಡ ಅಂದಿದ್ದರು. ಬೇರೆ ಊರುಗಳಲ್ಲಿ ಶ್ಟೋಲ್ಪರ್‌ಶ್ಟೈನ್ (ನಾಜಿಗಳಿಗೆ ಬಲಿಯಾದವರ ನೆನಪಿಗೆ ಕಾಲುದಾರಿಯಲ್ಲಿ ಹೂತ ಹಿತ್ತಾಳೆ ಮುಖದ ಪುಟ್ಟ ಕಲ್ಲು) ಉಜ್ಜುವ ಕನ್ನಡದವರು ಪದೇ ಪದೇ ವಿಧಾನ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕಲ್ಲುಗಳ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1992ರಲ್ಲಿ ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ ಕಲೋನ್‌ನಲ್ಲಿ ಶುರು ಮಾಡಿದರು, 2023ರಲ್ಲಿ ಲಕ್ಷ ಮುಟ್ಟಿತು. ಬರ್ಲಿನ್ ಒಂದರಲ್ಲೇ ಹತ್ತು ಸಾವಿರಕ್ಕೂ ಜಾಸ್ತಿ ಇವೆ. ಹತ್ತು ಸೆಂಟಿಮೀಟರ್ ಅಗಲದ ಹಿತ್ತಾಳೆ ತಗಡು, ಅದರಲ್ಲಿ ನಾಜಿಗಳು ಹೊತ್ತೊಯ್ದವರ ಹೆಸರು, ಹುಟ್ಟಿದ ವರ್ಷ, ಯಾವತ್ತು ಸಾಗಿಸಿದರು, ಎಲ್ಲಿ ಕೊಂದರು. ಅವರು ಕೊನೆಗೆ ತಾವೇ ಬಯಸಿ ಇದ್ದ ಮನೆಯ ಬಾಗಿಲ ಮುಂದೆ ಅದನ್ನು ಹೂಳುತ್ತಾರೆ. ಆದರೆ ಮಳೆ, ಹಿಮ, ನಾಯಿ, ಸಿಗರೇಟು ಎಲ್ಲ ಸೇರಿ ವರ್ಷದೊಳಗೆ ತಗಡು ಕಪ್ಪಾಗುತ್ತದೆ. ಹೆಸರು ಓದಲು ಆಗದಿದ್ದ ಮೇಲೆ ಕಲ್ಲು ಇದ್ದೂ ಏನು ಬಂತು?

ಮೊದಲು ಎಲ್ಲರಂತೆ ಅಂಗಡಿಯ ಪಾಲಿಶ್ ಬಳಸಿದೆ. ಹೊಳಪು ಬರುತ್ತದೆ, ನಿಜ. ಆದರೆ ಆ ಪೇಸ್ಟು ಅಕ್ಷರದ ಗುಂಡಿಯೊಳಗೆ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದೆ. ಈ ಅಕ್ಷರಗಳನ್ನು ಯಂತ್ರ ಕೆತ್ತಿದ್ದಲ್ಲ, ಒಂದೊಂದನ್ನೂ ಸುತ್ತಿಗೆಯಿಂದ ಹೊಡೆದು ಮೂಡಿಸಿದ್ದು. ಕೊಂದದ್ದು ಕಾರ್ಖಾನೆಯ ಲೆಕ್ಕದಲ್ಲಿ, ನೆನಪಾದರೂ ಕೈಯಿಂದಲೇ ಆಗಲಿ ಅನ್ನುವುದು ಡೆಮ್ನಿಗ್ ಅವರ ಹಟ. ಹಾಗಾಗಿ ಒಂದು ಅಕ್ಷರ ಆಳ, ಇನ್ನೊಂದು ತೇಲು. ತೇಲಾಗಿರುವ ಕಡೆ 3 ಯಾವುದು 8 ಯಾವುದು ತಿಳಿಯುವುದಿಲ್ಲ. ಹಲ್ಲುಜ್ಜುವ ಪೇಸ್ಟಿನದೂ ಇದೇ ಕಥೆ. ಊರಿಂದ ತಂದ ಪಾತ್ರೆ ಪುಡಿ ಸಣ್ಣ ಗೀರು ಹಾಕಿತು. ತಂತಿ ಬ್ರಶ್ಶಂತೂ ಕೈಯಲ್ಲಿ ಹಿಡಿಯಲೇಬೇಡಿ.

ಮನೆಯ ದೀಪಗಳಿಗೆ ಹುಣಸೆಹಣ್ಣು ಹಾಕುವವಳು ನಾನು, ಇದಕ್ಕೂ ಯಾಕಾಗಬಾರದು ಅಂದೆ. ಗುಂಪಿನ ಹಿರಿಯರೊಬ್ಬರು ಒಪ್ಪಲಿಲ್ಲ. ಹುಳಿ ಲೋಹ ತಿನ್ನುತ್ತದೆ, ಸುತ್ತಲಿನ ಕಲ್ಲಿಗೆ ಕಲೆ ಹತ್ತುತ್ತದೆ, ಸತ್ತವರ ಹೆಸರಿನ ಮೇಲೆ ತಿನ್ನುವ ಪದಾರ್ಥ ಹಚ್ಚುವುದು ಸರಿಯಲ್ಲ ಅಂತ ಅವರ ಮಾತು. ಮೂರನೆಯದಕ್ಕೆ ನನ್ನ ಉತ್ತರ ಒಂದೇ ಇತ್ತು: ನಮ್ಮಲ್ಲಿ ದೇವರ ಪಾತ್ರೆಯನ್ನೂ ಇದರಲ್ಲೇ ಬೆಳಗುತ್ತೇವೆ. ಮೊದಲ ಎರಡಕ್ಕೆ ಪರೀಕ್ಷೆ ಮಾಡಿ ತೋರಿಸಬೇಕಿತ್ತು.

ಸಂತೆಯಲ್ಲಿ ಐದಾರು ಯೂರೋಗೆ ಒಂದು ಹಳೆಯ ಹಿತ್ತಾಳೆ ತಟ್ಟೆ ಕೊಂಡೆ. ಎಲ್ಲ ಪ್ರಯೋಗವೂ ಅದರ ಮೇಲೇ. ವಿನೆಗರ್ ಉಪ್ಪು ಹಾಕಿ ಕಾಲು ಗಂಟೆ ಬಿಟ್ಟರೆ ತಟ್ಟೆ ಗುಲಾಬಿ ಬಣ್ಣಕ್ಕೆ ತಿರುಗಿತು. ಸತು ಹೋಗಿ ತಾಮ್ರ ಮೇಲೆ ಬಂದಿತ್ತು. ಹಿರಿಯರು ಹೆದರಿದ್ದು ಇದಕ್ಕೇ. ನಿಂಬೆಹಣ್ಣು ಪರವಾಗಿಲ್ಲ, ಆದರೆ ನೀರಿನ ಹಾಗೆ ಹರಿದು ಸುತ್ತ ಹೋಗುತ್ತದೆ. ಹುಣಸೆ ಮಾತ್ರ ಹಚ್ಚಿದ ಕಡೆಯೇ ನಿಲ್ಲುತ್ತದೆ. ಎರಡು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಬಿಡಬಾರದು.

ಈಗ ಮಾಡುವುದು ಹೀಗೆ. ರಟ್ಟಿನಲ್ಲಿ ಕಲ್ಲಿನಷ್ಟೇ ಕಿಂಡಿ ಕತ್ತರಿಸಿ ಮೇಲಿಟ್ಟರೆ ಸುತ್ತಲಿನ ನೆಲಕ್ಕೆ ಹುಳಿ ತಾಗುವುದಿಲ್ಲ. ಮೊದಲು ನೀರು, ಮೆತ್ತನೆ ಬ್ರಶ್. ಬರ್ಲಿನ್‌ನಲ್ಲಿ ಚಳಿಗಾಲದಲ್ಲಿ ಕಾಲುದಾರಿಗೆ ಜಲ್ಲಿಪುಡಿ ಹಾಕುತ್ತಾರಲ್ಲ, ಅದು ಹೋಗದೆ ಉಜ್ಜಿದರೆ ಗೀರು ಖಂಡಿತ. ಆಮೇಲೆ ನಾರು, ಬೀಜ ತೆಗೆದ ಹುಣಸೆ. ಒರೆಸಿ, ಚಿಟಿಕೆ ಅಡಿಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಒಣಬಟ್ಟೆ. ಕೊನೆಗೆ ಹಳೆಯ ಹತ್ತಿ ಬಟ್ಟೆಗೆ ಕಾಳಿನಷ್ಟು ಪಾಲಿಶ್ ಹಾಕಿ ಮೇಲ್ಮೈಗೆ ಮಾತ್ರ ಒಂದು ಕೈ. ಅಕ್ಷರದ ಮೂಲೆ ಬಿಡಿಸಲು ಏನು ಬಳಸುತ್ತೇನೆ, ಹುಣಸೆಗೆ ಏನು ಬೆರೆಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಜೊತೆಗೆ ಬಂದು ಮಂಡಿಯೂರಿ ಕೂತವರಿಗೆ ತೋರಿಸುತ್ತೇನೆ.

ಖರ್ಚು ನೋಡಿ. ಏಷ್ಯನ್ ಅಂಗಡಿಯಲ್ಲಿ 400 ಗ್ರಾಂ ಹುಣಸೆಗೆ ಸುಮಾರು ಮೂರು ಯೂರೋ, ನಲವತ್ತು ಕಲ್ಲಿಗೆ ಬರುತ್ತದೆ. ಪಾಲಿಶ್ ಟ್ಯೂಬು ಆರರ ಹತ್ತಿರ, ಅದೊಂದನ್ನೇ ಬಳಸಿದರೆ ಇಪ್ಪತ್ತೈದಕ್ಕೆ ಮುಗಿಯುತ್ತದೆ. ಉಳಿಸಿದ ದುಡ್ಡು ಹೊಸ ಕಲ್ಲು ಹಾಕಿಸಲು ಇಟ್ಟ ಡಬ್ಬಿಗೆ ಹೋಗುತ್ತದೆ. ನಾವು ಸೇರಿಸಲು ಶುರು ಮಾಡಿದಾಗ ಒಂದು ಕಲ್ಲಿಗೆ 120 ಯೂರೋ ಇತ್ತು.

ಜೇನುಮೇಣ ಹಚ್ಚಿದರೆ ಹೊಳಪು ಹೆಚ್ಚು ದಿನ ಉಳಿದೀತೇ ಅಂತಲೂ ನೋಡಿದೆ. ತಿಂಗಳು ಚೆನ್ನಾಗಿತ್ತು, ಬಿಸಿಲಿಗೆ ಧೂಳು ಕಚ್ಚಿಕೊಂಡಿತು. ತೆಂಗಿನೆಣ್ಣೆ ಕೂಡದು, ನಡೆಯುವವರು ಜಾರುತ್ತಾರೆ.

ಇನ್ನೊಂದು ಕೆಲಸ ನನಗೆ ಉಜ್ಜುವುದಕ್ಕಿಂತ ಮುಖ್ಯ. ಹೋಗುವ ಮೊದಲು ಆ ಹೆಸರುಗಳನ್ನು ಹುಡುಕಿ ಓದಿಕೊಳ್ಳುತ್ತೇನೆ. ಬರ್ಲಿನ್ ಕಲ್ಲುಗಳ ಪಟ್ಟಿ ಅಂತರ್ಜಾಲದಲ್ಲಿದೆ, ಎಷ್ಟೋ ಜನರ ಬದುಕಿನ ವಿವರವೂ ಇದೆ. ಓದಿಕೊಂಡು ಹೋದರೆ ತಾರೀಖುಗಳು ಮಾತಾಡುತ್ತವೆ. ಶ್ಯೋನೆಬೆರ್ಗ್‌ನ ಬವೇರಿಯನ್ ಕ್ವಾರ್ಟರ್ ಎಂಬ ಬಡಾವಣೆ ಕಡೆ ಉಜ್ಜುತ್ತಾ ಹೋದರೆ 1.3.1943, 2.3.1943, 3.3.1943 ಅಂತ ಮತ್ತೆ ಮತ್ತೆ ಬರುತ್ತದೆ, ಕೆಳಗೆ ಆಶ್ವಿಟ್ಜ್, ನಾಜಿಗಳ ಸಾವಿನ ಶಿಬಿರ. ಆ ವರ್ಷ ಫೆಬ್ರವರಿ 27ರಂದು ನಾಜಿಗಳು ಕಾರ್ಖಾನೆಗಳಿಗೇ ನುಗ್ಗಿ, ಬಲವಂತದ ದುಡಿಮೆಯಲ್ಲಿದ್ದ ಯಹೂದಿಗಳನ್ನು ಹಿಡಿದರು. ಕೆಲಸದ ಬಟ್ಟೆಯಲ್ಲೇ ಎಳೆದೊಯ್ದರು. ಮೂರ್ನಾಲ್ಕು ದಿನದಲ್ಲಿ ರೈಲುಗಳು ಹೊರಟವು. ಒಂದು ಮನೆಯ ಮುಂದೆ ಅಪ್ಪ ಅಮ್ಮನ ಕಲ್ಲಿನ ತಾರೀಖು ಬೇರೆ ಬೇರೆ ಇತ್ತು. ಮಗುವಿನದು ಅಮ್ಮನ ಜೊತೆ. ಹುಟ್ಟಿದ ವರ್ಷ 1938. ಕಿಲುಬಿನ ಕೆಳಗಿಂದ ಆ 8 ಬಿಡಿಸಿಕೊಂಡು ಬಂದಾಗ ಜೊತೆಗಿದ್ದ ಕಾಲೇಜು ಹುಡುಗ ಐದು ವರ್ಷ ಅಂತ ಜೋರಾಗಿಯೇ ಲೆಕ್ಕ ಹಾಕಿದ. ಅಂದಿನಿಂದ ಅವನು ಒಂದು ಸಲವೂ ತಪ್ಪಿಸಿಲ್ಲ.

ಅಂದು ಬೇಡ ಅಂದಿದ್ದ ಹಿರಿಯರು ಈಗ ರಟ್ಟಿನ ಕಿಂಡಿಗಳನ್ನು ತಾವೇ ಕತ್ತರಿಸಿ ತರುತ್ತಾರೆ, ನನ್ನದಕ್ಕಿಂತ ಅಚ್ಚುಕಟ್ಟಾಗಿ.

ಆಶ್ವಿಟ್ಜ್ ಬಿಡುಗಡೆಯಾದ ದಿನ, ಜನವರಿ 27ಕ್ಕೆ ಉಜ್ಜಲು ಹೊರಡುವವರಿಗೆ ಒಂದು ಮಾತು. ಸೊನ್ನೆಗಿಂತ ಕೆಳಗಿದ್ದರೆ ನೀರು ಕಲ್ಲಿನ ಮೇಲೇ ಮಂಜುಗಟ್ಟಿ ದಾರಿಹೋಕರು ಬೀಳುತ್ತಾರೆ. ಅವತ್ತು ಬ್ರಶ್, ಒಣಬಟ್ಟೆ, ಚೂರು ಪಾಲಿಶ್ ಇಷ್ಟೇ ಇರಲಿ. ಹುಣಸೆ ಕೆಲಸ ಮಾರ್ಚ್‌ಗೆ ಇಟ್ಟುಕೊಳ್ಳಿ.